ಪ್ರಶಸ್ತಿಯೂ ಪ್ರಮಾಣವೂ: ಉಡುಪಿ ರಾಮಚಂದ್ರರಾಯರ ವಿಜ್ಞಾನಕಾರ್ಯದ ಒಂದು ವಿಮರ್ಶೆ

ಕೊಪ್ಪಳ ಸೀಮೆಯಲ್ಲಿ ಇತಿಹಾಸವನ್ನು ಬೋಧಿಸುವವರಿಗೆ ಪ್ರಶಸ್ತಿಶಾಸನಗಳನ್ನು ಓದುವ ಬಗೆ ಹೊಸತಲ್ಲ. ಅರಸನ ಬಿರುದಾವಳಿ ಎಷ್ಟೇ ದೀರ್ಘವಾಗಿದ್ದರೂ ನಾವು ಅದನ್ನು ಗೌರವದಿಂದ ಓದಿ ಬದಿಗಿರಿಸಿ, ತಿಥಿ, ದತ್ತಿ, ಎಲ್ಲೆ, ತೆರಿಗೆ ಇವುಗಳಲ್ಲಿ ಪ್ರಮಾಣವನ್ನು ಅರಸುತ್ತೇವೆ. ಆದರೆ ನಮ್ಮ ಕಾಲದ ವಿಜ್ಞಾನಿಗಳ ವಿಷಯಕ್ಕೆ ಬಂದಾಗ ಈ ನಿಯಮವನ್ನು ಮರೆತು ನಾವೇ ಪ್ರಶಸ್ತಿಕಾರರಾಗಿಬಿಡುತ್ತೇವೆ. ಕನ್ನಡನಾಡಿನ ಮಹಾವಿಜ್ಞಾನಿಗಳಲ್ಲೊಬ್ಬರಾದ ಉಡುಪಿ ರಾಮಚಂದ್ರರಾಯರ (ಯು. ಆರ್. ರಾವ್) ಕಾರ್ಯವನ್ನು ಆ ನಿಯಮಕ್ಕೆ ಒಳಪಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ರಾಯರು 1932ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದರು. ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ, ಅಮೆರಿಕೆಯಲ್ಲಿ ಕೆಲಕಾಲ ದುಡಿದು, 1966ರಲ್ಲಿ ಸ್ವದೇಶಕ್ಕೆ ಮರಳಿದರು. 1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆ ಹೊತ್ತು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧಪಡಿಸಿದ ಆರ್ಯಭಟವು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. 1979ರ ಭಾಸ್ಕರ ಉಪಗ್ರಹದಲ್ಲಿ ದೂರದರ್ಶನ ಕ್ಯಾಮರಾಗಳ ಜೊತೆಗೆ ‘ಸಮೀರ್’ ಎಂಬ ಸೂಕ್ಷ್ಮತರಂಗ ವಿಕಿರಣಮಾಪಕವಿತ್ತು. ಅದು ರಡಾರ್ ಅಲ್ಲ. ರಡಾರ್ ತಾನೇ ತರಂಗವನ್ನು ಕಳುಹಿ ಅದರ ಮರುದನಿಯನ್ನು ಗ್ರಹಿಸುತ್ತದೆ, ಸಮೀರ್ ಭೂಮಿಯಿಂದ ಸಹಜವಾಗಿ ಹೊಮ್ಮುವುದನ್ನು ಮಾತ್ರ ಅಳೆಯುತ್ತಿತ್ತು. ಆದರೂ ಭಾರತದ ಉಪಗ್ರಹಗಳು ಬೆಳಕಿನಿಂದಾಚೆ ಸೂಕ್ಷ್ಮತರಂಗಗಳಿಂದ ಭೂಮಿಯನ್ನು ನೋಡತೊಡಗಿದ್ದು ಅಲ್ಲಿಂದಲೇ. ರಾಯರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 1988ರಲ್ಲಿ, ಪ್ರಯೋಗದ ಹಂತ ದಾಟಿ ನಿತ್ಯಬಳಕೆಗೆಂದು ರೂಪುಗೊಂಡ ಮೊದಲ ದೂರಸಂವೇದನ ಉಪಗ್ರಹ ಐ. ಆರ್. ಎಸ್. 1ಎ ಮೇಲೇರಿತು.

ಈ ಕಾರ್ಯದ ಬೆಲೆಯನ್ನು ನಮ್ಮ ನೆಲದಲ್ಲಿಯೇ ಕಾಣಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಗಂಗಾವತಿ ಭತ್ತದ ಕಣಜವಾಗಿದೆ. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯನ್ನೇ ನಂಬಿದ ಬೆದ್ದಲು. ಮುಂಗಾರಿನಲ್ಲಿ ಬೆಳಕನ್ನು ಅವಲಂಬಿಸಿದ ಉಪಗ್ರಹಕ್ಕೆ ಮೋಡವೇ ಅಡ್ಡಿ. ಪೈರನ್ನು ನೋಡಬೇಕಾದ ಹೊತ್ತಿಗೇ ನೆಲ ಮರೆಯಾಗುತ್ತದೆ. ರಡಾರಿಗೆ ಮೋಡವೂ ಇರುಳೂ ತಡೆಯಲ್ಲ. ನೀರು ನಿಂತ ನಾಟಿಗದ್ದೆ ತರಂಗವನ್ನು ಅತ್ತಲೇ ಜಾರಿಸಿ ಕಪ್ಪಾಗಿ ತೋರುತ್ತದೆ. ಪೈರು ಬೆಳೆದಂತೆ ಮರುದನಿ ಹೆಚ್ಚಿ ಗದ್ದೆ ಬೆಳ್ಳಗಾಗುತ್ತದೆ. ನೀರು ನಿಂತ ಗದ್ದೆ ಮೀಥೇನ್ ಅನಿಲದ ಮೂಲವಾದುದರಿಂದ ಈ ಅರಿವು ಇಂಗಾಲಚಕ್ರದ ಲೆಕ್ಕಕ್ಕೂ ಸೇರತಕ್ಕದ್ದು. ಭಾರತದಲ್ಲೇ ಸಿದ್ಧವಾದ ರಡಾರನ್ನು ಹೊತ್ತ ರಿಸ್ಯಾಟ್-1 ಮೇಲೇರಿದ್ದು 2012ರಲ್ಲಿ, ರಾಯರು ಅಧ್ಯಕ್ಷಪದವಿಯನ್ನು ಬಿಟ್ಟು ಬಹುಕಾಲದ ಮೇಲೆ. ಅಮೆರಿಕದ ನಾಸಾದೊಡನೆ ಕೂಡಿ ರೂಪಿಸಿದ ನಿಸಾರ್ ಉಪಗ್ರಹ 2025ರ ಜುಲೈ 30ರಂದು ಹಾರಿತು. ಇವುಗಳ ಕೀರ್ತಿಯನ್ನೆಲ್ಲ ಒಬ್ಬರಿಗೇ ಸಲ್ಲಿಸುವುದು ಇತಿಹಾಸವಾಗದು. ಇವುಗಳಿಗೆ ನೆಲೆಯಾದ ಪರಂಪರೆಯನ್ನು ಕಟ್ಟಿದವರಲ್ಲಿ ರಾಯರು ಪ್ರಮುಖರೆಂಬುದು ಮಾತ್ರ ನಿರ್ವಿವಾದ.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮನಗಾಣಬೇಕು. ರಡಾರ್ ಕಾಡಿನ ಇಂಗಾಲವನ್ನು ತೂಗುವುದಿಲ್ಲ. ಅದು ಅಳೆಯುವುದು ಮರುದನಿಯ ಬಲವನ್ನಷ್ಟೆ. ನಿಸಾರಿನ 24 ಸೆಂಟಿಮೀಟರ್ ಉದ್ದದ ತರಂಗ ಎಲೆಗಳನ್ನು ದಾಟಿ ಕೊಂಬೆಕಾಂಡಗಳಿಂದ ಮರಳುತ್ತದೆ. ಹೆಕ್ಟೇರಿಗೆ ಸುಮಾರು 100 ಟನ್ನು ಜೀವರಾಶಿಯನ್ನು ಮೀರಿದ ದಟ್ಟ ಕಾಡಿನಲ್ಲಿ ಅದರ ಮರುದನಿ ಹೆಚ್ಚುಕಡಮೆಯನ್ನು ತೋರಲಾರದು. ಮರುದನಿಯಿಂದ ಮರದ ತೂಕವನ್ನು, ತೂಕದಿಂದ ಇಂಗಾಲವನ್ನು ಊಹಿಸಬೇಕು. ಆ ಊಹೆ ನಿಲ್ಲಬೇಕಾದರೆ ಯಾರಾದರೂ ಕಾಡಿಗೆ ಹೋಗಿ ಟೇಪು ಹಿಡಿದು ಮರಗಳನ್ನು ಅಳೆದಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರುಗಳ ತಾಕನ್ನು ಗುರುತಿಸಿ ಕಾಂಡಗಳನ್ನು ಒಂದೊಂದಾಗಿ ಲೆಕ್ಕವಿಡುತ್ತ ಬಂದಿರುವುದು ಇಂಥ ನೆಲದ ಸಾಕ್ಷ್ಯಕ್ಕೆ ಉದಾಹರಣೆ.

ಅನುಮಾನಕ್ಕೂ ಪ್ರತ್ಯಕ್ಷ ಸಾಕ್ಷ್ಯಕ್ಕೂ ಇರುವ ಈ ಸಂಬಂಧ ನಮಗೆ ಅಪರಿಚಿತವಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳನ್ನು ಇಂದು ನಾವು ನಿಸ್ಸಂಶಯವಾಗಿ ಅಶೋಕನವೆನ್ನುತ್ತೇವೆ. ಆದರೆ ದೇವಾನಾಂಪಿಯ ಯಾರೆಂಬುದು ಮೊದಲು ಊಹೆಯ ವಿಷಯವಾಗಿತ್ತು. ಪ್ರಿನ್ಸೆಪ್ ಪಂಡಿತನು ಆತನನ್ನು ಮೊದಲು ಸಿಂಹಳದ ಅರಸನೆಂದೇ ಭಾವಿಸಿದ್ದನು. ಟರ್ನರನು ಸಿಂಹಳದ ಗ್ರಂಥಗಳ ಆಧಾರದಿಂದ ಅಶೋಕನೆಂದು ತೋರಿಸಿದನು. ಅಶೋಕನೆಂಬ ಹೆಸರನ್ನೇ ಹೊತ್ತ ಶಾಸನ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಮೇಲೆ ಆ ಊಹೆ ನಿರ್ಣಯವಾಯಿತು. ಪ್ರಿನ್ಸೆಪನ ಮೊದಲ ತಪ್ಪನ್ನು ಹೇಳುವುದರಿಂದ ಬ್ರಾಹ್ಮೀಲಿಪಿಯನ್ನು ಓದಿಕೊಟ್ಟ ಅವನ ಹಿರಿಮೆ ಕುಂದಲಿಲ್ಲ.

ಈ ಒರೆಗಲ್ಲನ್ನು ರಾಯರ ಕೊನೆಯ ದಿನಗಳ ಒಂದು ಪ್ರಬಂಧಕ್ಕೂ ಹಿಡಿಯಬೇಕಾಗಿದೆ. 2011ರ ಜನವರಿಯಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ತಮ್ಮ ಯೌವನದ ವಿಷಯವಾದ ವಿಶ್ವಕಿರಣಗಳಿಗೆ ಮರಳಿದರು. ಕಳೆದ 150 ವರ್ಷಗಳಲ್ಲಿ ಈ ಕಿರಣಗಳು ಶೇಕಡಾ 9ರಷ್ಟು ಇಳಿದಿವೆ. ಅದರಿಂದ ಕೆಳಮೋಡಗಳು ಕಡಮೆಯಾಗಿ ಭೂಮಿಗೆ ಒದಗಿದ ತಾಪಬಲ ಇಂಗಾಲದ ಡೈಆಕ್ಸೈಡಿನಿಂದ ಒದಗಿದುದರ ಸುಮಾರು ಶೇಕಡಾ 60ರಷ್ಟಿದೆ ಎಂಬುದು ಅವರ ವಾದ. ಈ ಲೆಕ್ಕದಲ್ಲಿಯೂ ಡೈಆಕ್ಸೈಡಿನ ಪಾಲೇ ಮಿಗಿಲು ಎಂಬುದನ್ನು ಗಮನಿಸಬೇಕು. ಮಾನವನಿಗೆ ಹೊಣೆಯೇ ಇಲ್ಲವೆಂದು ಅದನ್ನು ಓದಿಕೊಂಡವರು ರಾಯರಿಗೂ ಅನ್ಯಾಯ ಮಾಡಿದರು.

ಆದರೂ ವಾದ ನಿಲ್ಲುವಂತಿಲ್ಲ. ವಿಶ್ವಕಿರಣ ಇಳಿದುದರಿಂದ ಮೋಡ ಇಳಿಯಿತೆಂಬ ನಡುವಣ ಕೊಂಡಿಗೆ ಸಾಕಷ್ಟು ಸಾಕ್ಷ್ಯವಿಲ್ಲ. ಸೂರ್ಯನ ಚಟುವಟಿಕೆ ಕುಗ್ಗಿದ್ದ 2009ರಲ್ಲಿ ವಿಶ್ವಕಿರಣಗಳು ಬಾಹ್ಯಾಕಾಶಯುಗದಲ್ಲಿ ಅಲ್ಲಿಯವರೆಗೆ ಅಳೆದ ಎಲ್ಲ ಮಟ್ಟಗಳನ್ನೂ ಮೀರಿದವು. ಭೂಮಿ ಮಾತ್ರ ತಣಿಯಲಿಲ್ಲ. ವಿಶ್ವಕಿರಣಗಳ ಪ್ರಭಾವ ಕಳೆದ ಶತಮಾನದ ಹವೆಯಲ್ಲಿ ಗೋಚರವಾಗುವಷ್ಟು ಪ್ರಬಲವಲ್ಲವೆಂದು ಅಂತರಸರ್ಕಾರ ಹವಾಮಾನ ಮಂಡಲಿಯ 2013ರ ವರದಿ ನಿರ್ಣಯಿಸಿತು. ರಾಯರ ಊಹೆಗೆ ಮಸ್ಕಿಯ ಶಾಸನ ದೊರೆಯಲಿಲ್ಲ.

ಕೀರ್ತಿಶೇಷರ ದೋಷವನ್ನು ಎತ್ತಿ ಆಡುವುದು ಉಚಿತವೇ ಎಂದು ಕೆಲವರು ಕೇಳಿಯಾರು. ರಾಯರು 2017ರಲ್ಲಿ ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ನಿಸಾರ್ ಹಾರುವ ಮುನ್ನ ಅಂಗಾಂಗಗಳು ಜೋಡಣೆಗೊಂಡುದು ಅದೇ ಕೇಂದ್ರದಲ್ಲಿ. ಇಂಗಾಲದ ಲೆಕ್ಕವನ್ನು ಊಹೆಯಿಂದ ಅಳತೆಯ ಕಡೆಗೆ ಒಯ್ಯುವ ಉಪಕರಣ ಅವರ ಹೆಸರಿನ ಮನೆಯಿಂದ ಹೊರಟಿತೆಂಬುದು ಯಾವ ಬಿರುದಾವಳಿಗೂ ಕಡಮೆಯಲ್ಲ. ಪ್ರಬಂಧವನ್ನು ಮುಚ್ಚಿಟ್ಟು ಉಪಗ್ರಹಗಳನ್ನಷ್ಟೆ ಹೊಗಳಿದರೆ, ಹಿರಿಯರ ಮಾತೇ ಪ್ರಮಾಣವೆಂದು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಿದಂತಾಗುತ್ತದೆ. ಇವೆರಡನ್ನೂ ಒಂದೇ ತರಗತಿಯಲ್ಲಿ ಓದಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.