ಬಾರಿಯೋಸ್ ಮಾಂಗೊರೆ: ವೇಷ ಮತ್ತು ನಾದ

ಕಲಾವಿದನ ವೇಷವನ್ನು ಕಂಡು ಆತನ ಕಲೆಗೆ ಬೆಲೆ ಕಟ್ಟುವುದು ವಿಮರ್ಶೆಯ ಹಳೆಯ ದೌರ್ಬಲ್ಯ. ಪರಾಗ್ವೆ ದೇಶದ ಗಿಟಾರ್ ವಾದಕನೂ ಕೃತಿಕಾರನೂ ಆದ ಅಗುಸ್ತಿನ್ ಬಾರಿಯೋಸನು (1885-1944) ಈ ದೌರ್ಬಲ್ಯಕ್ಕೆ ಬಹುಕಾಲ ಬಲಿಯಾದನು. ಅದಕ್ಕೆ ಅವಕಾಶ ಮಾಡಿಕೊಟ್ಟವರಲ್ಲಿ ಆತನೂ ಒಬ್ಬನೆಂಬುದನ್ನು ಮರೆಯುವಂತಿಲ್ಲ.

1910ರಲ್ಲಿ ಸ್ವದೇಶವನ್ನು ಬಿಟ್ಟ ಬಾರಿಯೋಸನು ಅರ್ಜೆಂಟೀನ, ಉರುಗ್ವೆ, ಬ್ರೆಜಿಲ್‌ಗಳಲ್ಲಿ ಸಂಚರಿಸುತ್ತ ಬಾಳಿನ ಬಹುಭಾಗವನ್ನು ಪರಸ್ಥಳಗಳಲ್ಲಿಯೇ ಕಳೆದನು. 1913ರ ಸುಮಾರಿಗೆ ಆರಂಭವಾದ ಆತನ ಧ್ವನಿಮುದ್ರಿಕೆಗಳು ಗಿಟಾರಿನ ಅತ್ಯಂತ ಹಳೆಯ ಮುದ್ರಿಕೆಗಳ ಸಾಲಿಗೆ ಸೇರಿವೆ. 1930ರ ದಶಕದಲ್ಲಿ ಆತನು ತಲೆಗೆ ಗರಿಗಳ ಕಿರೀಟವನ್ನು ಧರಿಸಿ, 'ನಿತ್ಸುಗ ಮಾಂಗೊರೆ' ಎಂಬ ಹೆಸರಿನಿಂದ ವೇದಿಕೆಯೇರಿದನು. ಮೊದಲ ಪದವು ರೋಮನ್ ಲಿಪಿಯ 'ಅಗುಸ್ತಿನ್' ಹಿಂದುಮುಂದಾದುದು. ಎರಡನೆಯದು ಐತಿಹ್ಯದ ಮೂಲನಿವಾಸಿ ನಾಯಕನೊಬ್ಬನ ಹೆಸರು. ಕಾಡಿನಿಂದ ಬಂದ ಅದ್ಭುತವೆಂದು ಜನ ನೆರೆದರು. ಪಂಡಿತರು ಮುಖ ತಿರುಗಿಸಿದರು.

ಪಂಡಿತರ ಇನ್ನೊಂದು ಆಕ್ಷೇಪಣೆ ತಂತಿಗಳನ್ನು ಕುರಿತದ್ದು. ಕರುಳಿನ ತಂತಿಯೇ ಶಿಷ್ಟವೆನಿಸಿದ್ದ ಕಾಲದಲ್ಲಿ ಬಾರಿಯೋಸನು ಲೋಹದ ತಂತಿಗಳನ್ನು ಬಳಸಿದನು. ಅವುಗಳ ಕರ್ಕಶತೆಯನ್ನು ತಗ್ಗಿಸಲು ರಬ್ಬರಿನ ತುಣುಕುಗಳನ್ನು ಸಿಕ್ಕಿಸುತ್ತಿದ್ದನು. ಆತನನ್ನು 1921ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಭೇಟಿಯಾಗಿದ್ದ ಸ್ಪೇನಿನ ಸೆಗೋವಿಯ ಆತನ ಕೃತಿಗಳನ್ನು ತನ್ನ ಕಚೇರಿಗಳಿಗೆ ಸೇರಿಸಿಕೊಳ್ಳಲಿಲ್ಲ.

ಆದರೆ ಕೃತಿಗಳ ಸಾಕ್ಷ್ಯ ಬೇರೆ. 1921ರ 'ಲಾ ಕಾತೆದ್ರಾಲ್' ಎರಡು ಭಾಗಗಳಲ್ಲಿ ರಚಿತವಾಯಿತು: ಮೊದಲನೆಯದರಲ್ಲಿ ಆರ್ಗನ್ನಿನ ಗಾಂಭೀರ್ಯವನ್ನು ನೆನಪಿಸುವ, ತೂಕವಾಗಿ ಹೆಜ್ಜೆಯಿಡುವ ಸ್ವರಮೇಳಗಳು, ಎರಡನೆಯದರಲ್ಲಿ ಬೀದಿಯ ಸಡಗರದಂತೆ ಬಿಡುವಿಲ್ಲದೆ ಹರಿಯುವ ಬಿಡಿಸ್ವರಗಳು. ಹದಿನೇಳು ವರ್ಷಗಳ ತರುವಾಯ, 1938ರಲ್ಲಿ, ಮೊದಲಿಗೆ ಒಂದು ವಿಷಾದಮಯ ಪೀಠಿಕೆ ಸೇರಿತು. ಸಂಗೀತವು ದೇವಾಲಯದ ಮೌನ, ಲೋಕದ ಗದ್ದಲಗಳೆರಡನ್ನೂ ಬಲ್ಲದ್ದಾಗಿತ್ತು. ಈಗ ಅದಕ್ಕೆ ಅಗಲಿಕೆಯ ಅರಿವೂ ಬಂದಿತು. ಬಾಖ್ ಮತ್ತು ಶೋಪಾನರ ಋಣ ಇಲ್ಲಿ ಸ್ಪಷ್ಟ. ಆದರೆ ಅದು ಅನುಕರಣವಲ್ಲ. ಪ್ರತಿಯೊಂದು ಸ್ವರವೂ ಗಿಟಾರಿನ ಕೈಗಳಲ್ಲಿಯೇ ಹುಟ್ಟಿದೆ. ಪಿಯಾನೊದಿಂದ ಕಡ ತಂದುದಲ್ಲ.

ದೋಷಗಳಿಲ್ಲವೆಂದಲ್ಲ. ಸಣ್ಣ ರಚನೆಗಳಲ್ಲಿ ಹಲವು ಕೇವಲ ಸಭಾರಂಜನೆಗೆ ತೃಪ್ತವಾಗುತ್ತವೆ. ತನ್ನ ಸಮಕಾಲೀನರು ಹಿಡಿದ ಹೊಸ ಸ್ವರಮಾರ್ಗಗಳತ್ತ ಆತನ ಒಲವು ತೀರ ಕಡಿಮೆ. ಗರಿಯ ಕಿರೀಟವಂತೂ ಪೇಟೆಯ ಕುತೂಹಲಕ್ಕೆ ತೆತ್ತ ಸುಂಕ. ಹಾಗಾದರೆ ಪರಾಗ್ವೆ ಎಲ್ಲಿದೆ? 'ದಾನ್ಸಾ ಪರಾಗ್ವಾಯ'ದಲ್ಲಿದೆ. ಅಲ್ಲಿ ಮೂರರ ನಡೆಯೂ ಎರಡರ ನಡೆಯೂ ಏಕಕಾಲದಲ್ಲಿ ಒಂದನ್ನೊಂದು ತಡೆದು ಕುಣಿಯುತ್ತವೆ. ಅದು ಆ ನಾಡಿನ ಜನಪದ ನೃತ್ಯದ ಜೀವನಾಡಿ. ಗ್ವಾರಾನಿ ಭಾಷೆಯಲ್ಲಿ ತವರ ನೆಲವನ್ನು ಕೂಗಿ ಕರೆಯುವ ಹೆಸರನ್ನು ಹೊತ್ತ 'ಹಾ ಚೆ ವಾಯೆ' ಎಂಬ ಕೃತಿಯೂ ಅದಕ್ಕೆ ಸಾಕ್ಷಿ.

ಬಾರಿಯೋಸನು ತನ್ನ ಕೊನೆಯ ವರ್ಷಗಳಲ್ಲಿ ಎಲ್ ಸಾಲ್ವಡೋರ್‌ನಲ್ಲಿ ಪಾಠ ಹೇಳುತ್ತ, 1944ರಲ್ಲಿ ಅಲ್ಲಿಯೇ ಕಾಲವಾದನು. ಆತನ ಅಂತಿಮ ಕೃತಿಯಲ್ಲಿ ಭಿಕ್ಷುಕಿಯೊಬ್ಬಳು ಕದ ತಟ್ಟುವ ಸದ್ದು ಕೆಳಗಿನ ಸ್ವರದಲ್ಲಿ ಪಟ್ಟುಹಿಡಿದು ಮರುಕಳಿಸುತ್ತದೆ. ಮೇಲೆ ಕಂಪಿಸುವ ಮಧುರ ಎಳೆಯೊಂದು ಸಾಗುತ್ತದೆ. ಲೋಕದ ಕದ ತೆರೆದುದು ತಡವಾಗಿ: 1977ರಲ್ಲಿ ಜಾನ್ ವಿಲಿಯಮ್ಸ್ ಆತನ ಕೃತಿಗಳನ್ನೇ ಆಯ್ದು ನುಡಿಸಿದ ಮುದ್ರಿಕೆಯ ತರುವಾಯ ಅವು ಎಲ್ಲೆಡೆ ಕೇಳಿಬಂದವು. ಆ ಮುದ್ರಿಕೆಯನ್ನು ಆಲಿಸಿದವರಿಗೆ ಗರಿಗಳು ಕಾಣಿಸಲಿಲ್ಲ, ಲಯವಷ್ಟೇ ಕೇಳಿಸಿತು. ಪರಸ್ಥಳದಲ್ಲಿ ಬಾಳುವವನು ತವರನ್ನು ಉಡುಗೆಯಾಗಿ ತೊಡಬಹುದು, ಉಸಿರಾಗಿ ಉಳಿಸಿಕೊಳ್ಳಲೂಬಹುದು. ಬಾರಿಯೋಸನು ಎರಡನ್ನೂ ಮಾಡಿದನು, ಎರಡನೆಯದು ಮಾತ್ರ ಬಾಳಿತು.