ಗರಿಗೆ ಬ್ಯಾಟರಿ, ನೀರಿಗೆ ಬೆಂಕಿ

ನುಗ್ಗೇಹಳ್ಳಿ ಕಡೆ ಚಳಿಗೆ ಮನೆ ಕಾಯಿಸುವವರಿಲ್ಲ, ಸ್ನಾನದ ನೀರು ಕಾಯಿಸುತ್ತಾರೆ. 1246ರ ಲಕ್ಷ್ಮೀನರಸಿಂಹ ದೇವಾಲಯ ನೋಡಲು ಬಂದವರು ಹೊಯ್ಸಳರ ಕೆತ್ತನೆ ನೋಡಿ ಹೊರಟುಬಿಡುತ್ತಾರೆ. ಹಿತ್ತಲಿನ ನೀರೊಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಬಾಯಿಗೆ ಹೋಗುವುದು ತೋಟದಲ್ಲಿ ಬಿದ್ದ ತೆಂಗಿನ ಗರಿ.

ಈ ಗರಿ ಒಟ್ಟುವುದಕ್ಕೂ ಈಗ ಬ್ಯಾಟರಿ ಟ್ರ್ಯಾಕ್ಟರಿನ ಮಾತು ಬಂದಿದೆ. ಸೋನಾಲಿಕಾ ಕಂಪನಿ 2020ರ ಕೊನೆಯಲ್ಲಿ ಟೈಗರ್ ಎಲೆಕ್ಟ್ರಿಕ್ ಬಿಡುಗಡೆ ಮಾಡಿದಾಗ ಹೊಗೆಯಿಲ್ಲ, ಸದ್ದಿಲ್ಲ, ಡೀಸೆಲ್ ಖರ್ಚಿಲ್ಲ ಎಂದಿತು. ಮಾತು ಸುಳ್ಳಲ್ಲ. ಆದರೆ ಲೆಕ್ಕ ನೋಡಿ: ಎಕರೆಗೆ ಸುಮಾರು 70 ಮರ, ಮರಕ್ಕೆ ವರ್ಷಕ್ಕೆ ಹನ್ನೆರಡರಷ್ಟು ಗರಿ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಬೀಳುತ್ತವೆ. ನೀರು ಹಾಯಿಸಲು ಹೋದವರು ಬರುವಾಗ ಎಳೆದು ತರುವಷ್ಟು! ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರವೇ? ಗರಿ ಒಟ್ಟುವ ಕೆಲಸಕ್ಕೆ ನಾನು ಈ ಟ್ರ್ಯಾಕ್ಟರಿಗೆ ಅಂಕ ಕೊಡಲಾರೆ.

ಗರಿ ಪುಡಿ ಮಾಡುವ ಕೆಲಸಕ್ಕಾದರೆ ಕೊಡುತ್ತೇನೆ. ಇಡೀ ಗರಿ ಬುಡದಲ್ಲಿ ಬಿದ್ದರೆ ಕೊಳೆಯುವುದು ನಿಧಾನ, ಕಾಲಿಗೂ ತೊಡಕು. ಪುಡಿಯಾದ ಗರಿ ಪಾತಿಯಲ್ಲಿ ತೇವ ಹಿಡಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯಿಂದಲೇ ಎರೆಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದೆ. ಒಬ್ಬೊಬ್ಬರೂ ಯಂತ್ರ ಕೊಳ್ಳುವ ಬದಲು ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಲ್ಲಿ ಪುಡಿಯಂತ್ರದ ಜೊತೆ ಒಂದು ಟ್ರ್ಯಾಕ್ಟರ್ ಇದ್ದರೆ ನಾಲ್ಕಾರು ಹಳ್ಳಿಗೆ ಸಾಕು.

ಹಾಗಾದರೆ ಒಲೆಗೆ ಏನು? ಇಲ್ಲಿ ಹೆಂಗಸರ ಕೈಗೆಲಸ ನೋಡಬೇಕು. ಗರಿಯನ್ನು ಅಡ್ಡ ಹಾಕಿಕೊಂಡು ಮಚ್ಚಿನಿಂದ ಎಲೆ ಸವರುತ್ತಾರೆ, ಕಡ್ಡಿ ಸೀಳಿ ಪೊರಕೆಗೆ ತೆಗೆದಿಡುತ್ತಾರೆ, ದಪ್ಪ ಬುಡವನ್ನು ಒಣಗಲು ಒಟ್ಟುತ್ತಾರೆ. ಈ ವಿಂಗಡಣೆಯನ್ನು ಯಾವ ಯಂತ್ರವೂ ಸುಧಾರಿಸಿಲ್ಲ. ಎಲೆ ಮಣ್ಣಿಗೆ, ಬುಡ ಮತ್ತು ಮಟ್ಟೆ ಒಲೆಗೆ. ಸುಟ್ಟರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ತೆಂಗಿಗೆ ಹೆಚ್ಚು ಬೇಕಾದದ್ದೂ ಪೊಟ್ಯಾಷೇ. ಬೂದಿಯನ್ನು ಚರಂಡಿಗೆ ಸುರಿಯುವ ಮನೆ ಗೊಬ್ಬರದಂಗಡಿಯಲ್ಲಿ ಅದನ್ನೇ ದುಡ್ಡು ಕೊಟ್ಟು ತರುತ್ತದೆ.

ದೋಷ ಇರುವುದು ಒಲೆಯಲ್ಲಿ. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು ಮೂರೂವರೆ ಯೂನಿಟ್ ಶಾಖ, ಅಂದರೆ ಒಂದು ಕಿಲೋಗಿಂತ ಕಡಿಮೆ ಒಣ ಸೌದೆಯಲ್ಲಿರುವಷ್ಟು. ತೆರೆದ ಒಲೆಯಲ್ಲಿ ಅದರ ಹಲವು ಪಟ್ಟು ಉರಿಯುತ್ತದೆ, ಮಿಕ್ಕದ್ದೆಲ್ಲ ಹಂಡೆಯ ಪಕ್ಕದಿಂದ ಹಾರಿಹೋಗುತ್ತದೆ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಈ ಸೋರಿಕೆಯನ್ನೇ ಹಿಡಿದುಕೊಂಡು ಮುಚ್ಚಿದ ಉರಿಗೂಡು, ಜಾಲರಿ, ಹೊಗೆಗೂಡು ಇರುವ ಅಸ್ತ್ರ ಒಲೆಯನ್ನು ರೂಪಿಸಿತು. ಅಳತೆ ತಪ್ಪದೆ ಕಟ್ಟಿದರೆ ಸೌದೆ ಗಣನೀಯವಾಗಿ ಉಳಿಯುತ್ತದೆ, ಕಣ್ಣೂ ಉರಿಯುವುದಿಲ್ಲ. ಅಳತೆ ತಪ್ಪಿದರೆ ಅದೂ ಹಳೇ ಒಲೆಯೇ.

ಕರೆಂಟ್ ಕಾಯಿಲ್ ಸುಲಭ, ನಿಜ. 2023ರ ಗೃಹಜ್ಯೋತಿಯಿಂದ ಅದು ಪುಕ್ಕಟೆ ಎಂಬ ಭಾವನೆಯೂ ಬಂದಿದೆ. ಆದರೆ ದಿನಕ್ಕೆ ಅದೇ ನೂರು ಲೀಟರ್ ನೀರಿಗೆ ತಿಂಗಳಿಗೆ 105 ಯೂನಿಟ್. ಯೋಜನೆ ಕೊಡುವುದು ಆ ಮನೆಯ ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಸೋಲಾರ್ ಇದಕ್ಕಿಂತ ಮೇಲು, ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊಳವೆಯಲ್ಲಿ ಸುಣ್ಣ ಕಟ್ಟುವ ಕಾಟವೊಂದನ್ನು ಬಿಟ್ಟು. ಮೋಡದ ಆಷಾಢದಲ್ಲಿ ಹೇಗೂ ನೀರೊಲೆಗೇ ಬರಬೇಕು. ಆದ್ದರಿಂದ ತೋಟವಿರುವ ಮನೆಗೆ ನನ್ನ ಆಯ್ಕೆ ಬಿಸಿಲುಗಾಲಕ್ಕೆ ಸೋಲಾರ್, ಮಳೆಗಾಲಕ್ಕೆ ಹೊಗೆಗೂಡಿನ ಒಲೆ. ಟ್ರ್ಯಾಕ್ಟರಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಇವೆರಡೂ ಬಂದು ಇನ್ನೂ ಮಿಗುತ್ತದೆ.