ಕಾಳಿಲ್ಲದ ಗಿರಣಿ

ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಕೆಟ್ಟಿತೆಂದರೆ ತಾಯಂದಿರ ಬಾಯಿಂದ ಮೊದಲು ಬರುವ ಮಾತು ಒಂದೇ: “ಆಟ ಆಡಿ ಆಡೀನ ಸುಟ್ಟಾನ ನೋಡ್ರಿ.” ನಕ್ಕು ತಳ್ಳಿಹಾಕುವ ಮಾತಲ್ಲ ಇದು. ಕಬ್ಬಿನ ಬಿಲ್ಲು ಬಂದಾಗಲೋ, ಸಂಘದಲ್ಲಿ ಸಾಲ ಎತ್ತಿಯೋ ತಂದ ವಸ್ತು ಅದು. ಅಣ್ಣ ಆಟಕ್ಕೆ ಕೂಡುವುದೂ ಅದರ ಮುಂದೆ, ತಂಗಿ ಬಿ.ಸಿ.ಎ. ಓದುವುದೂ ಅದರ ಮುಂದೆ. ಆಟದ ಮೇಲೆ ಸಿಟ್ಟಾಗಿ ಕಂಪ್ಯೂಟರಿಗೆ ಬಟ್ಟೆ ಮುಚ್ಚಿದರೆ ನಿಲ್ಲುವುದು ತಂಗಿಯ ಓದು. ಆದ್ದರಿಂದ ತಪ್ಪು ಯಾರದೆಂದು ನೆಟ್ಟಗೆ ವಿಚಾರಿಸಬೇಕು.

ಜಗತ್ತಿನಲ್ಲಿ ಇಂಥ ದೂರು ದೊಡ್ಡದಾಗಿ ಎದ್ದದ್ದುಂಟು. 2010ರ ಜುಲೈ ತಿಂಗಳಲ್ಲಿ ಬ್ಲಿಝಾರ್ಡ್ ಕಂಪನಿಯ ‘ಸ್ಟಾರ್‌ಕ್ರಾಫ್ಟ್ 2’ ಬಂದಾಗ ಕೆಲವರ ಯಂತ್ರಗಳು ವಿಪರೀತ ಕಾದವು. ಅದೂ ಯುದ್ಧ ನಡೆದಾಗಲ್ಲ, ಸುಮ್ಮನೆ ನಿಂತ ಮೆನು ಪರದೆಯಲ್ಲಿ! ಯುದ್ಧದಲ್ಲಿ ಸೈನಿಕರ ಲೆಕ್ಕಾಚಾರ ಮುಗಿಯುವತನಕ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು ನಡುನಡುವೆ ಕಾಯುತ್ತದೆ. ಮೆನುವಿನಲ್ಲಿ ಆ ತಡೆ ಇಲ್ಲ. ಮಿತಿ ಹಾಕದಿದ್ದರೆ ಅದದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬರೆಯುತ್ತಲೇ ಇರುತ್ತದೆ. ಸಾಮಾನ್ಯ ಪರದೆ ತೋರಿಸಬಲ್ಲದ್ದು 60 ಮಾತ್ರ. ಉಳಿದದ್ದು ಯಾರ ಕಣ್ಣಿಗೂ ಬೀಳದ ದುಡಿಮೆ. ಅದೆಂಥದೆಂದು ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಂಪು ಸಾಲದ ಯಂತ್ರ ಹೀಗೆ ಕಾಯಬಹುದೆಂದು ಕಂಪನಿಯೇ ಒಪ್ಪಿ, ಮಿತಿ ಹಾಕುವ ದಾರಿ ತಿಳಿಸಿತು.

ಇನ್ನೊಂದು ಪ್ರಕರಣ 2021ರ ಜುಲೈಯದು. ಅಮೆಜಾನ್ ಕಂಪನಿಯ ‘ನ್ಯೂ ವರ್ಲ್ಡ್’ ಆಟದ ಪರೀಕ್ಷೆ ನಡೆದಾಗ ಇವಿಜಿಎ ಕಂಪನಿಯ ಕೆಲವು ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತೇ ಹೋದವು. ಆ ಕಾರ್ಡು ನಾಲ್ಕೈದು ಸೀಲಿಂಗ್ ಫ್ಯಾನುಗಳಷ್ಟು, ಅಂದರೆ ಸುಮಾರು 350 ವ್ಯಾಟ್ ವಿದ್ಯುತ್ ಉಣ್ಣುವಂಥದು. ಆಗ ಅದರ ಬೆಲೆ 1,499 ಡಾಲರಿನಿಂದ ಮೇಲಿತ್ತು. ನಮ್ಮ ಆಟದ ಆಜ್ಞೆಗಳೆಲ್ಲ ಮಾಮೂಲಿನವೇ ಎಂದಿತು ಅಮೆಜಾನ್. ಆದರೂ ಮೆನುವಿಗೆ ಮಿತಿ ಹಾಕಿತು. ಇವಿಜಿಎ ಮರಳಿ ಬಂದ ಸುಮಾರು ಎರಡು ಡಜನ್ ಕಾರ್ಡುಗಳಿಗೆ ಎಕ್ಸ್-ರೇ ಹಿಡಿದು ನೋಡಿತು. ದೋಷ ಸಿಕ್ಕಿದ್ದು ಬೆಸುಗೆಯಲ್ಲಿ. ಕಾರ್ಡುಗಳನ್ನು ಬದಲಿಸಿಕೊಟ್ಟಿತು.

ನನ್ನ ತೀರ್ಪು ಇಷ್ಟು. ಸರಿಯಾಗಿ ಕಟ್ಟಿದ ಯಂತ್ರವನ್ನು ಆಟವೊಂದೇ ಸುಡಲಾರದು. ಕಾವು ಏರಿದರೆ ಚಿಪ್ಪು ತಾನೇ ನಿಧಾನವಾಗುತ್ತದೆ. ಮತ್ತೂ ಏರಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ಆಟ ಭಾರ ಹೇರಿತು, ಮೊದಲೇ ಸಡಿಲಿದ್ದ ಜಾಗ ಮುರಿಯಿತು. ಹಾಗೆಂದು ಆಟ ಕಟ್ಟಿದವರನ್ನು ಪೂರ್ತಿ ಬಿಟ್ಟುಬಿಡಲು ಮನಸ್ಸು ಒಪ್ಪದು. ನಮ್ಮೂರ ಗಿರಣಿಯವನು ಕಾಳು ಮುಗಿಯುತ್ತಲೇ ಕಲ್ಲು ಸಡಿಲಿಸುತ್ತಾನೆ. ಇಲ್ಲದಿದ್ದರೆ ಕಲ್ಲಿಗೆ ಕಲ್ಲೇ ಸವೆದೀತೆಂದು ಅವನಿಗೆ ಗೊತ್ತು. ಸಾವಿರಾರು ಮರ, ಕೋಟೆ, ಕಡಲುಗಳನ್ನು ಚೆಂದಾಗಿ ಬಿಡಿಸಿದ ಜಾಣರಿಗೆ ಗಿರಣಿಯವನ ಈ ಎಚ್ಚರ ಇರಲಿಲ್ಲ. ಆಟದ ಗುಣ ಅಳೆಯುವಾಗ ಚಿತ್ರದ ಚೆಲುವಿನ ಜೊತೆಗೆ ಇದನ್ನೂ ಅಳೆಯಬೇಕು. ಆಡುವವನಿಗೆ ಕಾಣದ ಕೆಲಸವನ್ನು ಯಂತ್ರದಿಂದ ದುಡಿಸುವುದು ಕಟ್ಟುವಿಕೆಯ ಕುಂದು.

ಇನ್ನು ಮನೆಯವರ ಪಾಲು. ಹೊಳೆದಂಡೆಯ ಪಂಪಿನ ಮೋಟರು ಸುಟ್ಟರೆ ಕಬ್ಬು ಬಹಳ ನೀರು ಕುಡಿಯಿತೆಂದು ಯಾರೂ ಬೈಯುವುದಿಲ್ಲ. ವೋಲ್ಟೇಜು ಎಷ್ಟಿತ್ತು, ಪಂಪಿಗೆ ನೀರು ಸಿಗುತ್ತಿತ್ತೆ ಎಂದು ನೋಡುತ್ತಾರೆ. ಕಂಪ್ಯೂಟರಿಗೂ ಅದೇ ನ್ಯಾಯ ಇರಲಿ. ನಿಪ್ಪಾಣಿಯ ತಂಬಾಕಿನ ಧೂಳು, ಅಥಣಿಯ ಬೇಸಿಗೆ, ಏರಿಳಿಯುವ ಕರೆಂಟು. ಇವುಗಳ ನಡುವೆ ನಾವೆಲ್ಲ ಸಿ.ಪಿ.ಯು. ಎನ್ನುವ ಡಬ್ಬಿಯನ್ನು ಮೇಜಿನ ಗೂಡಿಗೆ ತುರುಕಿ ಗೋಡೆಗೆ ಒತ್ತಿಡುತ್ತೇವೆ. ಅದನ್ನು ಗೋಡೆಯಿಂದ ಗೇಣು ದೂರ ಇಡಿ. ಎರಡು ಮೂರು ತಿಂಗಳಿಗೊಮ್ಮೆ ವೈರು ಕಿತ್ತು, ಮೆತ್ತನೆಯ ಬ್ರಶ್ಶಿನಿಂದ ಫ್ಯಾನಿನ ಧೂಳು ತೆಗೆಯಿರಿ. ಪವರ್ ಸಪ್ಲೈ ಕೊಳ್ಳುವಾಗ ಅಗ್ಗದ್ದಕ್ಕೆ ಮರುಳಾಗಬೇಡಿ. ಆಟದ ಸೆಟ್ಟಿಂಗ್ಸಿನಲ್ಲಿ ಸೆಕೆಂಡಿಗೆ 60 ಚಿತ್ರವೆಂಬ ಮಿತಿ ಹಾಕು ಎಂದು ಮಗನಿಗೆ ಹೇಳಿ; ಅವನಿಗೆ ಅದು ಅರ್ಧ ನಿಮಿಷದ ಕೆಲಸ.

ಎಷ್ಟು ಹೊತ್ತು ಆಡಬೇಕೆಂಬ ಜಗಳ ಬೇರೆಯದು. ಅದನ್ನು ಬೇಕಾದರೆ ಮಗನೊಡನೆ ಜೋರಾಗಿಯೇ ಆಡಿರಿ. ಆದರೆ ಮಗಳ ಮುಂದಿನ ಕಂಪ್ಯೂಟರಿಗೆ ಬಟ್ಟೆ ಮುಚ್ಚಬೇಡಿ.